ಪಾದಯಾತ್ರೆಗೆ ಹೊರಡುವ ದಂಪತಿಗಳಿಗೆ



ಬನದ ಹುಣ್ಣಿಮೆಯು ಸಮೀಪಿಸಿತೆಂದರೆ ಬಾದಾಮಿಯ ಸುತ್ತಲಿನ ಹಾದಿಗಳು ಜನರಿಂದ ತುಂಬುತ್ತವೆ. ಪುಷ್ಯ ಮಾಸದ ಆ ಹುಣ್ಣಿಮೆಯಂದು ಚೊಳಚಗುಡ್ಡದ ಬನಶಂಕರಿ ದೇವಿಯ ರಥೋತ್ಸವವು ಜರುಗುವುದು ನಿಮಗೆಲ್ಲ ತಿಳಿದೇ ಇದೆ. ಬಾದಾಮಿಯಿಂದ ಗುಡಿಗೆ ಇರುವ ದೂರ ಸುಮಾರು 5 ಕಿಲೋಮೀಟರ್. ಆದರೆ ಭಕ್ತರು ತಮ್ಮ ತಮ್ಮ ಊರುಗಳಿಂದಲೇ ನಡೆದು ಬರುತ್ತಾರೆ. ನಮ್ಮ ಭಾಗದ ಅನೇಕ ನೇಕಾರ ಮನೆತನಗಳಿಗೆ ಬನಶಂಕರಿಯು ಕುಲದೇವತೆ; ಆದುದರಿಂದ ಮಗ್ಗ ನಿಲ್ಲಿಸಿ ಮನೆಮಂದಿಯೆಲ್ಲ ಹೊರಡುವುದುಂಟು. ಅದಾದ ಮೇಲೆ ಬೇಸಿಗೆ ಕಾಲಿಡುವಾಗ, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಮಲ್ಲಯ್ಯನ ಕಂಬಿಗಳು ಹೊರಡುತ್ತವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಭಕ್ತರು ಹಲವು ದಿನಗಳ ಕಾಲ ನಡೆದು, ಆಂಧ್ರ ಪ್ರದೇಶದ ವೆಂಕಟಾಪುರದಿಂದ ನಲ್ಲಮಲ ಅರಣ್ಯವನ್ನು ಹೊಕ್ಕು, ನಾಗಲೂಟಿ, ಭೀಮನ ಕೊಳ್ಳಗಳನ್ನು ದಾಟಿ, ಕೈಲಾಸ ದ್ವಾರದ ಮೆಟ್ಟಿಲುಗಳನ್ನೇರಿ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರುತ್ತಾರೆ.

ಗುಂಪುಗೂಡಿ ನಡೆಯುವುದನ್ನು ನಮ್ಮ ಜನರಿಗೆ ಹೊರಗಿನವರು ಕಲಿಸಬೇಕಾದ ಅಗತ್ಯವಿಲ್ಲ ಎಂಬುದು ಇದರಿಂದ ಸ್ಪಷ್ಟ. ಇಂಗ್ಲೆಂಡಿನಲ್ಲಿ ಹೊಲ ಗುಡ್ಡಗಳ ಕಾಲುದಾರಿಯಲ್ಲಿ ರಜೆಯ ದಿನ ಕೂಡಿ ನಡೆಯುವ ಸಂಘಗಳಿವೆ. 1935ರಲ್ಲಿ ಅವುಗಳಿಗೆಲ್ಲ ಒಂದು ದೊಡ್ಡ ಒಕ್ಕೂಟವೂ ಏರ್ಪಟ್ಟಿತು. ನಮ್ಮಲ್ಲಿ ಸಂಘವೆಂಬ ಹೆಸರಿಲ್ಲದಿದ್ದರೂ ಕಂಬಿ, ದಿಂಡಿ, ಭಜನಾ ಮೇಳಗಳು ಇದೇ ಕಾರ್ಯವನ್ನು ಬಹು ಹಿಂದಿನಿಂದಲೂ ಮಾಡುತ್ತ ಬಂದಿವೆ. ಆದರೆ ವೈದ್ಯಾಧಿಕಾರಿಯಾಗಿ ನಾನು ಕಾಣುವ ಎರಡು ಕೊರತೆಗಳನ್ನು ನಿಮ್ಮ ಮುಂದಿಡುವುದು ಅವಶ್ಯಕ. ಮೊದಲನೆಯದು, ವರ್ಷವೆಲ್ಲ ಮೋಟಾರು ಸೈಕಲ್ಲಿನ ಮೇಲೆ ತಿರುಗಾಡಿದವರು ಯಾವ ಸಿದ್ಧತೆಯೂ ಇಲ್ಲದೆ ಒಮ್ಮೆಲೇ ದಿನಕ್ಕೆ 30, 40 ಕಿಲೋಮೀಟರ್ ನಡೆಯಲು ಹೊರಡುವುದು. ಎರಡನೆಯದು, ಪತಿಯು ಹೊರಟು ಪತ್ನಿಯು ದನಕರು, ಮಕ್ಕಳು, ಅತ್ತೆಮಾವಂದಿರ ಚಾಕರಿಗೆಂದು ಮನೆಯಲ್ಲಿಯೇ ಉಳಿಯುವುದು. ಅಥವಾ ಅವಳೂ ಹೊರಟರೆ, ಅವಳ ದೇಹಸ್ಥಿತಿಯನ್ನು ಯಾರೂ ವಿಚಾರಿಸದಿರುವುದು.

“ಡಾಕ್ಟರೇ, ಹೊಲದಲ್ಲಿ ದಿನವೆಲ್ಲ ದುಡಿಯುವ ನಮಗೆ ಬೇರೆ ನಡಿಗೆ ಯಾಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ನೇಗಿಲು, ಕುಂಟೆ ಹಿಡಿದು ದುಡಿಯುವವನಿಗೂ, ಬಿಸಿಲಿನಲ್ಲಿ ಕಳೆ ಕಿತ್ತು ಹೊರೆ ಹೊತ್ತು ಬರುವ ಹೆಣ್ಣುಮಗಳಿಗೂ ವ್ಯಾಯಾಮದ ಕೊರತೆಯಿರುವುದಿಲ್ಲ. ಅವರಿಗೆ ಬೇಕಾದುದು ವಿಶ್ರಾಂತಿ, ಒಳ್ಳೆಯ ಆಹಾರ ಮತ್ತು ಜೊತೆ. ಆದರೆ ಎಲ್ಲರ ಜೀವನವೂ ಇಂದು ಹಾಗಿಲ್ಲ. ಟ್ರ್ಯಾಕ್ಟರು ಬಂದಿದೆ; ಹೊಲಕ್ಕೂ ದ್ವಿಚಕ್ರ ವಾಹನದಲ್ಲಿಯೇ ಹೋಗುತ್ತೇವೆ. ಇಳಕಲ್ಲ, ಗುಳೇದಗುಡ್ಡಗಳ ನೇಕಾರ ಬಾಂಧವರಂತೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಮುಂಜಾವಿನಿಂದ ಸಂಜೆಯವರೆಗೆ ಕುಳಿತೇ ಇರುತ್ತಾರೆ. ಕಾಲು ತುಳಿಯುತ್ತದೆ, ಕೈ ಲಾಳಿ ಎಸೆಯುತ್ತದೆ, ನಿಜ. ಆದರೆ ಸೊಂಟವೂ ಕತ್ತೂ ಬಾಗಿದ್ದಲ್ಲಿಯೇ ಬಾಗಿರುತ್ತವೆ. ಹೃದಯಕ್ಕೆ ಸಾಕಷ್ಟು ಕೆಲಸ ದೊರೆಯುವುದಿಲ್ಲ. ಕಂಡಿಕೆ ಸುತ್ತುವ, ಹಾಸು ಸಿದ್ಧಪಡಿಸುವ ಸ್ತ್ರೀಯರ ಸ್ಥಿತಿಯೂ ಅದೇ.

ಕುಳಿತು ಮಾಡುವ ಕೆಲಸದ ಪರಿಣಾಮವನ್ನು ಕುರಿತು 1953ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನ ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ಜೆರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಗಮನಿಸಿದರು. ಒಂದೇ ಬಸ್ಸು, ಒಂದೇ ಸಂಸ್ಥೆಯ ನೌಕರಿ. ಚಾಲಕನು ದಿನವಿಡೀ ಕುಳಿತಿರುವವನು, ನಿರ್ವಾಹಕನು ಟಿಕೆಟು ಕೊಡಲು ದಿನವಿಡೀ ಮೆಟ್ಟಿಲು ಹತ್ತಿಳಿಯುವವನು. ಹೃದಯಾಘಾತವು ನಿರ್ವಾಹಕರಲ್ಲಿ ಚಾಲಕರಿಗಿಂತ ಕಡಿಮೆಯೆಂದು ಕಂಡುಬಂದಿತು. ಅನಂತರ ನಡೆದ ಅನೇಕ ಸಂಶೋಧನೆಗಳು ಈ ಮಾತನ್ನು ಸಮರ್ಥಿಸಿವೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಕಾಲ, ಸಾಧ್ಯವಾದರೆ 300 ನಿಮಿಷಗಳವರೆಗೆ ಚುರುಕಾಗಿ ನಡೆಯುವುದು ಅಥವಾ ಅದಕ್ಕೆ ಸಮನಾದ ಶ್ರಮವು ವಯಸ್ಕರಿಗೆ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಎಂದರೆ ವಾರದ ಐದು ದಿನ, ದಿನಕ್ಕೆ ಅರ್ಧ ಗಂಟೆ. ಈ ನಡಿಗೆಯಿಂದ ರಕ್ತದೊತ್ತಡವು ತಗ್ಗುತ್ತದೆ. ಮಾಂಸಖಂಡಗಳು ರಕ್ತದಲ್ಲಿನ ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ನಿದ್ರೆಯೂ ಸುಖವಾಗಿ ಬರುತ್ತದೆ.

ನಡಿಗೆಯ ಬಳಗ

ಆದುದರಿಂದ ನಿಮ್ಮ ಓಣಿಯ ಐದಾರು ಜೋಡಿಗಳು ಕೂಡಿ ಒಂದು ಬಳಗವನ್ನು ಕಟ್ಟಿಕೊಳ್ಳಿರಿ. ಇದಕ್ಕೆ ಚಂದಾ ಬೇಡ, ಅಧ್ಯಕ್ಷರೂ ಬೇಡ. ಈಗಾಗಲೇ ಇರುವ ಭಜನಾ ಮೇಳವೋ ಸ್ತ್ರೀಶಕ್ತಿ ಗುಂಪೋ ಇದಕ್ಕೆ ಸಾಕು. ಊರಿನಲ್ಲಿ ಕಂಬಿಯ ಪದ್ಧತಿಯಿದ್ದರೆ, ಅದರ ಹಿರಿಯರನ್ನು ಕಂಡು, ಯುಗಾದಿಗೆ ಎರಡು ಮೂರು ತಿಂಗಳು ಮುಂಚಿತವಾಗಿಯೇ ವಾರಕ್ಕೊಮ್ಮೆ ಕೂಡಿ ನಡೆಯುವ ಪರಿಪಾಠವನ್ನು ಆರಂಭಿಸಿರಿ.

ನಡೆಯಲು ಸ್ಥಳಕ್ಕೆ ಬಾದಾಮಿ ಸೀಮೆಯಲ್ಲಿ ಕೊರತೆಯೇ? ಮೊದಲ ವಾರ ಅಗಸ್ತ್ಯ ತೀರ್ಥದ ದಂಡೆಯಷ್ಟೇ ಸಾಕು. ಅನಂತರ ಬನಶಂಕರಿಗೆ ಹೋಗಿ ಬರುವುದು, ಒಟ್ಟು 10 ಕಿಲೋಮೀಟರ್. ಹರಿದ್ರಾ ತೀರ್ಥದ ಕಲ್ಲುಕಂಬಗಳ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಕಾಲು ಪಳಗಿದ ಮೇಲೆ ಗುಡ್ಡದ ಕಾಲುದಾರಿಯಿಂದ ಮಹಾಕೂಟಕ್ಕೆ ಹೋಗಿರಿ. ರಸ್ತೆಗಿಂತ ಆ ದಾರಿ ಹತ್ತಿರ, ಆದರೆ ಏರಿಳಿತವುಂಟು. ಪಟ್ಟದಕಲ್ಲು ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ಇರುವುದರಿಂದ ಎರಡು ತಿಂಗಳ ಅಭ್ಯಾಸವಿಲ್ಲದವರು ಒಂದೇ ದಿನದಲ್ಲಿ ಅಲ್ಲಿಗೆ ನಡೆಯುವ ಸಾಹಸವನ್ನು ಮಾಡಬಾರದು. ಹುನಗುಂದ, ಇಳಕಲ್ಲ ಕಡೆಯವರು ತಮ್ಮ ಊರಿನ ಬಂಡಿ ದಾರಿಗಳನ್ನೇ ಆರಿಸಿಕೊಳ್ಳಲಿ. ಎರಿ ಹೊಲಗಳ ನಡುವಿನ ಆ ದಾರಿಗಳು ಮಳೆ ನಿಂತ ಮೇಲೆ ನಡೆಯಲು ಬಲು ಹಿತ, ಮಳೆಯಲ್ಲಿ ಮಾತ್ರ ಕಾಲು ಕೀಳಲಾಗದಷ್ಟು ಅಂಟು.

ಬಳಗದ ನಿಯಮ ಒಂದೇ: ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಎಲ್ಲರಿಗಿಂತ ಮುಂದೆ ಇರಬೇಕು. ಯುವಕರು ಮುಂದೆ ಓಡಿ, ಮುಂದಿನ ಮರದ ನೆರಳಿನಲ್ಲಿ ದಣಿವಾರಿಸಿಕೊಂಡು, ಹಿಂದಿನವರು ಬಂದು ಮುಟ್ಟುತ್ತಲೇ ಎದ್ದು ಹೊರಡುವುದನ್ನು ನಾವು ನೋಡಿದ್ದೇವೆ. ಹಿಂದೆ ಬಂದವಳಿಗೆ ವಿಶ್ರಾಂತಿಯೇ ಇಲ್ಲ. ಬಹುಮಟ್ಟಿಗೆ ಅವಳ ಕಂಕುಳಲ್ಲಿ ಮಗುವೂ ತಲೆಯ ಮೇಲೆ ಬುತ್ತಿಯ ಗಂಟೂ ಇರುತ್ತವೆ. ಗಂಟನ್ನು ಪತಿಯು ಹೊರಲಿ, ಮಗುವನ್ನು ಸರದಿಯಂತೆ ಎತ್ತಿಕೊಳ್ಳಲಿ. ನಡಿಗೆಯ ವೇಗ ಎಷ್ಟಿರಬೇಕೆಂದರೆ, ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಮಾತ್ರ ಉಸಿರು ಸಾಲಬಾರದು. ಪಂಢರಪುರದ ವಾರಿಯನ್ನು ನೋಡಿರಿ. ಆಳಂದಿಯಿಂದ ಸುಮಾರು 250 ಕಿಲೋಮೀಟರ್ ದೂರವನ್ನು ಪಾಲಖಿಯು ಸುಮಾರು ಮೂರು ವಾರಗಳಲ್ಲಿ ಕ್ರಮಿಸುತ್ತದೆ. ನಡುವೆ ತಂಗುವ ಊರುಗಳು ಗೊತ್ತುಪಡಿಸಿದವು. ಆದಕಾರಣವೇ ತಲೆಯ ಮೇಲೆ ತುಳಸಿ ಹೊತ್ತ ಮುದುಕಿಯರೂ ಅದರಲ್ಲಿ ನಡೆಯಬಲ್ಲರು.

ಪತ್ನಿಗೆ ಬೆಳಗಿನ ಒಂದು ಗಂಟೆಯ ಬಿಡುವು ಸಿಗಬೇಕಾದರೆ ಮನೆಯ ಏರ್ಪಾಡು ಬದಲಾಗಬೇಕು. ಹಾಲು ಕರೆಯುವುದು, ನೀರು ತರುವುದು, ಮಕ್ಕಳನ್ನು ಶಾಲೆಗೆ ಹೊರಡಿಸುವುದು ಇವುಗಳಲ್ಲಿ ಯಾವುದನ್ನು ಪತಿಯು ವಹಿಸಿಕೊಳ್ಳುವನೆಂಬುದನ್ನು ಮೊದಲೇ ಮಾತನಾಡಿಕೊಳ್ಳಿರಿ. ರೊಟ್ಟಿಯ ಚಿಂತೆ ಅಷ್ಟೇನೂ ಇಲ್ಲ. ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳು ದಿನಗಟ್ಟಲೆ ಕೆಡುವುದಿಲ್ಲ. ದಾರಿಯ ಬುತ್ತಿಗೆ ಇವುಗಳಿಗಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ಇನ್ನೊಂದು ಪ್ರಯೋಜನವನ್ನೂ ಇಲ್ಲಿ ಹೇಳಬೇಕು. ತುಂಬಿದ ಮನೆಯಲ್ಲಿ ಗಂಡಹೆಂಡಿರು ಮನಸ್ಸು ಬಿಚ್ಚಿ ಮಾತನಾಡಲು ಸ್ಥಳವೆಲ್ಲಿದೆ? ಎರಡನೆಯ ಮಗು ಈಗ ಬೇಕೆ, ಮೂರು ವರ್ಷ ಕಳೆಯಲಿ ಎಂದರೆ ಯಾವ ವಿಧಾನ ಅನುಸರಿಸಬೇಕು, ಹಿರಿಯ ಮಗಳನ್ನು ಎಷ್ಟರವರೆಗೆ ಓದಿಸಬೇಕು ಎಂಬ ಮಾತುಗಳು ಅಡುಗೆಮನೆಯ ಹೊಗೆಯಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ಬಯಲಿನ ಹಾದಿಯಲ್ಲಿ, ಬಳಗದಿಂದ ಹತ್ತು ಮಾರು ಹಿಂದೆ ಉಳಿದು ನಡೆಯುವ ಜೋಡಿಗೆ ಆ ಅವಕಾಶವುಂಟು. ಹಿರಿಯರು ಇದನ್ನು ಕಂಡೂ ಕಾಣದಂತೆ ಇರುವುದು ಲೇಸು.

ಬಾದಾಮಿ ಮಹಾಕೂಟಗಳ ನಡುವಿನ ಗುಡ್ಡದಲ್ಲಿ ನಾಗನಾಥನ ಕೊಳ್ಳವಿದೆ. ಅಲ್ಲಿದ್ದ ಲಜ್ಜಾಗೌರಿಯ ಶಿಲ್ಪವು ಈಗ ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಚಾಲುಕ್ಯರ ಕಾಲದಿಂದಲೂ ಸಂತಾನಾಪೇಕ್ಷೆಯಿಂದ ದಂಪತಿಗಳು ಇಂತಹ ಸನ್ನಿಧಿಗಳಿಗೆ ನಡೆದು ಬಂದವರೇ. ಹರಕೆಗೆ ನಾವು ಅಡ್ಡಿ ಹೇಳುವುದಿಲ್ಲ. ಆದರೆ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ (ಪತ್ನಿಗೆ 35 ಮೀರಿದ್ದರೆ ಆರು ತಿಂಗಳಿಗೇ) ದಂಪತಿಗಳಿಬ್ಬರೂ ವೈದ್ಯರನ್ನು ಕಾಣತಕ್ಕದ್ದು. ಇಬ್ಬರೂ ಎಂಬ ಮಾತನ್ನು ಗಮನಿಸಿರಿ. ದೋಷವು ಪತಿಯಲ್ಲಿಯೂ ಇರಬಹುದು. ವೀರ್ಯ ಪರೀಕ್ಷೆಯು ಎಲ್ಲ ಪರೀಕ್ಷೆಗಳಿಗಿಂತ ಸುಲಭವಾದುದು. ಹೆಣ್ಣನ್ನು ಮಾತ್ರ ಬಂಜೆಯೆಂದು ಜರೆದು ಬರಿಗಾಲಿನಲ್ಲಿ ಗುಡಿಗಳಿಗೆ ಅಲೆಯಿಸುವುದು ಅನ್ಯಾಯ.

ಹೆಣ್ಣುಮಕ್ಕಳ ವಿಷಯ

ರಕ್ತಹೀನತೆಯು ನಮ್ಮ ಸ್ತ್ರೀಯರಲ್ಲಿ ಬಹಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ಇದೆ. ಸ್ವಲ್ಪ ಏರು ಹತ್ತಿದರೆ ಏದುಸಿರು, ಎದೆ ಡವಡವಿಸುವುದು, ಕಣ್ಣು ಕತ್ತಲೆಗೂಡುವುದು ಇದರ ಲಕ್ಷಣಗಳು. “ಇವಳು ಸೋಮಾರಿ, ನಡೆಯಲಾರಳು” ಎಂದು ಪತಿಯು ಹಾಸ್ಯ ಮಾಡುವ ಮೊದಲು ಅವಳ ರಕ್ತವನ್ನು ಪರೀಕ್ಷಿಸಿರಿ. ಗರ್ಭಿಣಿಯಲ್ಲದ ಸ್ತ್ರೀಗೆ ಹಿಮೋಗ್ಲೋಬಿನ್ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ ಇರಬೇಕು. ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆಗಳನ್ನು ಉಪಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ಮಾತ್ರೆಯನ್ನು ಚಹದೊಡನೆ ನುಂಗಬಾರದು. ನಿಂಬೆಯ ಪಾನಕದೊಡನೆ ತೆಗೆದುಕೊಂಡರೆ ಚೆನ್ನಾಗಿ ಮೈಗೂಡುತ್ತದೆ.

ಯಾತ್ರೆಯ ದಿನಗಳಲ್ಲಿ ಮುಟ್ಟಾಗಬಾರದೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಈಗ ಹಳ್ಳಿಗಳಲ್ಲಿಯೂ ರೂಢಿಯಾಗಿದೆ. ಇವು ಹಾರ್ಮೋನಿನ ಮಾತ್ರೆಗಳು. ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ರೋಗವಿರುವವರು, ಸ್ತನದಲ್ಲಿ ಗಂಟು ಕಂಡವರು ಇವನ್ನು ಸೇವಿಸಬಾರದು. ಗರ್ಭ ನಿಂತಿದೆಯೋ ಎಂಬ ಸಂದೇಹವಿದ್ದರೆ ಮೊದಲು ಪರೀಕ್ಷೆಯಾಗಬೇಕು. ಈ ಮಾತ್ರೆಗಳನ್ನು ಸಂತಾನ ನಿಯಂತ್ರಣದ ಮಾತ್ರೆಗಳೆಂದು ತಿಳಿದು ನಂಬಿ ಕೂರಲೂಬಾರದು. ವೈದ್ಯರ ಸಲಹೆಯಿಲ್ಲದೆ ಬೇಡವೇ ಬೇಡ. ಮುಟ್ಟಿನಲ್ಲಿ ನಡೆಯುವುದರಿಂದ ದೇಹಕ್ಕೆ ಹಾನಿಯೇನೂ ಇಲ್ಲ ಎಂಬುದನ್ನು ವೈದ್ಯನಾಗಿ ಹೇಳಬಲ್ಲೆ. ಉಳಿದುದು ನಿಮ್ಮ ಮನೆತನದ ನಡವಳಿಕೆಗೆ ಬಿಟ್ಟ ವಿಷಯ.

ಗರ್ಭಿಣಿಯರು ನಡೆಯಬಾರದೆಂಬುದು ತಪ್ಪು ತಿಳಿವಳಿಕೆ. ಬೇರೆ ತೊಂದರೆಯಿಲ್ಲದಿದ್ದರೆ ದಿನಕ್ಕೆ ಅರ್ಧ ಗಂಟೆ ಸಮತಟ್ಟಾದ ದಾರಿಯಲ್ಲಿ, ತಂಪು ಹೊತ್ತಿನಲ್ಲಿ ನಡೆಯುವುದು ಹಿತಕರ. ಆದರೆ ಶ್ರೀಶೈಲದಂತಹ ದೀರ್ಘ ಯಾತ್ರೆಯನ್ನು ಹೆರಿಗೆಯಾಗಿ ಚೇತರಿಸಿಕೊಳ್ಳುವವರೆಗೆ ಮುಂದೂಡಬೇಕು. ಅರಣ್ಯದ ನಡುವೆ ರಕ್ತಸ್ರಾವವಾದರೆ ಆಸ್ಪತ್ರೆ ದೂರ. ನಡೆಯುವಾಗ ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಬಿಟ್ಟು ಬಿಟ್ಟು ನೊಂದರೆ, ತೀವ್ರ ತಲೆನೋವು ಬಂದರೆ ಅಲ್ಲಿಯೇ ಕುಳಿತು 108ಕ್ಕೆ ಕರೆ ಮಾಡಿಸಿರಿ.

ವಂಕಿ ಹಾಕಿಸಿಕೊಂಡವರು ನಿಶ್ಚಿಂತೆಯಿಂದ ನಡೆಯಬಹುದು. ನಡಿಗೆಯಿಂದ ಅದು ಜಾರುವುದಿಲ್ಲ. ಸಂತಾನ ಶಕ್ತಿ ಹರಣ ಚಿಕಿತ್ಸೆ ಮಾಡಿಸಿಕೊಂಡ ಸ್ತ್ರೀಯರು ಗಾಯವನ್ನು ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆಯುವವರೆಗೆ ದೂರದ ನಡಿಗೆಯನ್ನೂ ಭಾರ ಎತ್ತುವುದನ್ನೂ ಬಿಡಬೇಕು. ಪುರುಷರಿಗೆ ಹೊಲಿಗೆಯಿಲ್ಲದ ನಸಬಂದಿ ಇನ್ನೂ ಸರಳವಾದುದು: ಎರಡು ದಿನ ವಿಶ್ರಾಂತಿ, ಒಂದು ವಾರ ಸೈಕಲ್ಲು ಮತ್ತು ಭಾರದ ಕೆಲಸ ವರ್ಜ್ಯ. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳುವವರೆಗೆ ನಿರೋಧ್ ಬಳಸಬೇಕು. ಇದರಿಂದ ಗಂಡಸಿನ ಶಕ್ತಿ ಕುಂದಿ ಮುಂದೆ ಕಂಬಿ ಹೊರಲಾಗದು ಎಂಬ ಭೀತಿಗೆ ಯಾವ ಆಧಾರವೂ ಇಲ್ಲ.

ಬರಿಗಾಲಿನ ಹರಕೆ

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಚಿಂತೆಗೀಡು ಮಾಡುವ ವಿಷಯವಿದು. ಬರಿಗಾಲಿನಲ್ಲಿ ನಡೆದು ಬರುವೆನೆಂದು ಹರಕೆ ಹೊತ್ತವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಅನೇಕರಿಗೆ ತಮಗೆ ಆ ಕಾಯಿಲೆಯಿದೆಯೆಂಬುದೇ ತಿಳಿದಿರುವುದಿಲ್ಲ. ಸಕ್ಕರೆ ಕಾಯಿಲೆಯು ಬಹುಕಾಲ ಹತೋಟಿಯಲ್ಲಿಲ್ಲದಿದ್ದರೆ ಪಾದದ ನರಗಳು ಸ್ಪರ್ಶವನ್ನು ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ ನೋವಿಲ್ಲ; ಮಧ್ಯಾಹ್ನದ ಡಾಂಬರು ಸುಟ್ಟರೂ ಅರಿವಿಲ್ಲ. “ದೇವರ ದಯೆ, ಕಾಲು ಒಂದಿಷ್ಟೂ ನೋಯಲಿಲ್ಲ” ಎಂದು ಅವರು ಸಂತೋಷದಿಂದ ಹೇಳುವಾಗ ವೈದ್ಯನಾದವನಿಗೆ ಅಂಜಿಕೆಯಾಗುತ್ತದೆ. ಊರಿಗೆ ಮರಳಿ ವಾರದ ಮೇಲೆ ಪಾದ ಬಾತು, ಕೀವು ತುಂಬಿ ಬಂದಾಗ ಬೆರಳನ್ನೋ ಪಾದವನ್ನೋ ಕತ್ತರಿಸದೆ ಗತಿಯಿಲ್ಲದ ಪ್ರಸಂಗಗಳುಂಟು. ನೇಕಾರನಿಗೆ ಪಾದವೆಂದರೆ ಮಗ್ಗದ ಕಾಲುಮಣೆ, ಒಕ್ಕಲಿಗನಿಗೆ ಪಾದವೆಂದರೆ ಹೊಲ. ಒಂದು ಪಾದ ಹೋದರೆ ಇಡೀ ಸಂಸಾರವು ಕುಂಟುತ್ತದೆ.

ಆದುದರಿಂದ 30 ವರ್ಷ ಮೀರಿದ ದಂಪತಿಗಳಿಬ್ಬರೂ ಹರಕೆ ಹೊರುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆಯನ್ನು ಮಾಡಿಸಿಕೊಳ್ಳಿರಿ. ಸಕ್ಕರೆ ಕಾಯಿಲೆಯವರು ಎಂದಿಗೂ ಬರಿಗಾಲಿನಲ್ಲಿ ನಡೆಯಕೂಡದು. ಹರಕೆಯನ್ನು ಮುರಿಯಲೂ ಬೇಕಿಲ್ಲ. ನಿಮ್ಮ ಮಠದ ಸ್ವಾಮಿಗಳನ್ನೋ ಕಂಬಿಯ ಹಿರಿಯರನ್ನೋ ಕೇಳಿ ದಾರಿಯಲ್ಲಿ ಪಾದರಕ್ಷೆ ಧರಿಸಿ, ಗುಡಿಯ ಅಂಗಳದಲ್ಲಿ ಮಾತ್ರ ಬರಿಗಾಲಿನಿಂದ ಸೇವೆ ಸಲ್ಲಿಸಬಹುದು. ಮೆತ್ತನೆಯ ರಬ್ಬರಿನ ತಳವಿರುವ, ಹಿಂಬದಿ ಪಟ್ಟಿಯಿರುವ ಚಪ್ಪಲಿ ಯೋಗ್ಯ. ಹೊಸದನ್ನು ಯಾತ್ರೆಯ ದಿನವೇ ಧರಿಸಬೇಡಿ, ತಿಂಗಳು ಮೊದಲೇ ಪಳಗಿಸಿಕೊಳ್ಳಿರಿ. ಪ್ರತಿ ರಾತ್ರಿ ಬೀಡುಬಿಟ್ಟಲ್ಲಿ ಪತ್ನಿಯು ಪತಿಯ ಪಾದವನ್ನೂ, ಪತಿಯು ಪತ್ನಿಯ ಪಾದವನ್ನೂ ಬೆಳಕಿನಲ್ಲಿ ಹಿಡಿದು ನೋಡಬೇಕು. ಬೆರಳ ಸಂದಿ ಮತ್ತು ಹಿಮ್ಮಡಿ ತಮ್ಮ ಕಣ್ಣಿಗೆ ತಾವೇ ಕಾಣುವುದು ಕಷ್ಟ. ಪತ್ನಿಯ ಪಾದವನ್ನು ಪತಿಯು ಮುಟ್ಟುವುದೆಂತು ಎಂದು ಸಂಕೋಚಪಡುವವರಿಗೆ ನಾನು ಹೇಳುವುದಿಷ್ಟೆ: ಇದು ಚಿಕಿತ್ಸೆಯ ಕೆಲಸ.

ಬೊಕ್ಕೆ ಎದ್ದರೆ ಸೂಜಿಯಿಂದ ದಾರ ಪೋಣಿಸಿ ಬಿಡುವ ಪದ್ಧತಿ ಅಪಾಯಕರ; ಆ ದಾರದ ಮೂಲಕವೇ ನಂಜು ಒಳಹೋಗುತ್ತದೆ. ಒಡೆಯದ ಬೊಕ್ಕೆಯನ್ನು ಒಡೆಯಬೇಡಿ. ತಾನಾಗಿ ಒಡೆದರೆ ಶುದ್ಧ ನೀರಿನಿಂದ ತೊಳೆದು ಶುಭ್ರವಾದ ಪಟ್ಟಿ ಕಟ್ಟಿರಿ. ಇನ್ನು ಮೈಕೈ ನೋವಿಗೆಂದು ದಾರಿಯಲ್ಲಿ ಯಾರೋ ಕೊಟ್ಟ ನೋವಿನ ಗುಳಿಗೆಗಳನ್ನು ದಿನಕ್ಕೆ ಮೂರು ನಾಲ್ಕು ನುಂಗುವವರಿದ್ದಾರೆ. ಬೆವರು ಸುರಿದು ನೀರಿನಂಶ ಕಡಿಮೆಯಾದ ದೇಹದಲ್ಲಿ ಡೈಕ್ಲೋಫೆನಾಕಿನಂತಹ ಗುಳಿಗೆಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಸಾಕು, ಅದೂ ಮಿತವಾಗಿ.

ರಕ್ತದೊತ್ತಡದ ಮಾತ್ರೆಯನ್ನು ಯಾತ್ರೆಯಲ್ಲಿ ನಿಲ್ಲಿಸಬೇಡಿ. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಉಪವಾಸದಿಂದ ನಡೆದರೆ ಸಕ್ಕರೆಯ ಅಂಶವು ಹಠಾತ್ತನೆ ಕುಸಿದು, ಮೈ ನಡುಗಿ, ತಣ್ಣನೆಯ ಬೆವರು ಬಂದು ಎಚ್ಚರ ತಪ್ಪಬಹುದು. ಜೇಬಿನಲ್ಲಿ ಬೆಲ್ಲದ ಚೂರು ಸದಾ ಇರಲಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿರಿ.

ಬಿಸಿಲು, ನೀರು, ರಸ್ತೆ

ಯುಗಾದಿಯ ಮುಂಚಿನ ದಿನಗಳಲ್ಲಿ ನಮ್ಮ ಸೀಮೆಯ ಬಿಸಿಲು ಏರಿರುತ್ತದೆ. ಬೆಳಗಿನ ಜಾವ ಹೊರಟು 10 ಗಂಟೆಯೊಳಗೆ ನೆರಳು ಸೇರಿ, ಸಂಜೆ 4ರ ಮೇಲೆ ಮತ್ತೆ ಹೊರಡುವುದು ಕ್ಷೇಮ. ಬಾಯಾರುವವರೆಗೆ ಕಾಯದೆ ನೀರು, ಮಜ್ಜಿಗೆಗಳನ್ನು ಆಗಾಗ ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಒಂದಕ್ಕೆ ಶುದ್ಧ ನೀರು ಸರಿಯಾಗಿ ಒಂದು ಲೀಟರ್. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಯಾರಾದರೂ ಅಸಂಬದ್ಧವಾಗಿ ಮಾತನಾಡತೊಡಗಿ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಿನ ಆಘಾತ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ರಾತ್ರಿ ಹೆದ್ದಾರಿಯಲ್ಲಿ ನಡೆಯದಿರುವುದೇ ಉತ್ತಮ. ಅನಿವಾರ್ಯವಾದರೆ ಎದುರಿನ ವಾಹನ ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರಂತೆ, ಬಿಳಿಯ ಬಟ್ಟೆ ತೊಟ್ಟು, ಮೊದಲಿನವರೂ ಕೊನೆಯವರೂ ದೀಪ ಹಿಡಿದು ನಡೆಯಬೇಕು. ಕಾಲುದಾರಿಯಲ್ಲಿ ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುತ್ತ ಕಾಲ ಕಳೆಯುವುದು ಇವೆಲ್ಲ ಜೀವಕ್ಕೆ ಎರವಾಗುತ್ತವೆ. ಕಚ್ಚಿದ ಅಂಗವನ್ನು ಅಲುಗಿಸದೆ, ಕಚ್ಚಿಸಿಕೊಂಡವರನ್ನು ನಡೆಯಿಸದೆ ತಾಲೂಕು ಆಸ್ಪತ್ರೆಗೆ ಒಯ್ಯಿರಿ.

ಕಂಬಿ ಹೊರಡುವುದಕ್ಕೆ ಆರು ವಾರ ಮೊದಲು ಬಳಗದ ದಂಪತಿಗಳೆಲ್ಲ ಒಂದೇ ದಿನ ಆರೋಗ್ಯ ಕೇಂದ್ರಕ್ಕೆ ಬಂದರೆ ನಮಗೂ ಅನುಕೂಲ. ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ತಿಳಿಸಿರಿ. ಈಗ ಸೇವಿಸುತ್ತಿರುವ ಮಾತ್ರೆಗಳನ್ನೂ ಹಳೆಯ ಚೀಟಿಗಳನ್ನೂ, ಜೊತೆಗೆ ದಾರಿಯಲ್ಲಿ ತೊಡಲಿರುವ ಚಪ್ಪಲಿಯನ್ನೂ ತಪ್ಪದೆ ತನ್ನಿರಿ. ಯಾತ್ರೆ ಮುಗಿದು ಬಂದ ಮೇಲೆ ನಾಲ್ಕು ದಿನದಲ್ಲಿ ಮಾಯದ ಗಾಯ ಕಾಲಿನಲ್ಲಿದ್ದರೆ ಐದನೆಯ ದಿನಕ್ಕೆ ಕಾಯದೆ ಬರಬೇಕು. ಸಕ್ಕರೆ ಕಾಯಿಲೆಯವರು ಗಾಯ ಕಂಡ ದಿನವೇ ಬರತಕ್ಕದ್ದು.